ಆಟದ ಕಣವೂ ಹಿರಿಯರ ಹೊಣೆಯೂ

ಹಣವನ್ನು ಪಣವಾಗಿ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಪಾರ್ಲಿಮೆಂಟು 2025ನೆಯ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಅದೇ ತಿಂಗಳ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಇಂಥ ಆಟಗಳನ್ನು ನಡೆಯಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಕೋಟಿ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ಸಂಸಾರಗಳನ್ನು ಬೀದಿಗೆ ತಂದ ಜೂಜಿನ ವಿಷಯದಲ್ಲಿ ಸರ್ಕಾರವು ಎಚ್ಚೆತ್ತುದು ಸಂತೋಷದ ಸಂಗತಿಯೇ ಸರಿ. ಆದರೆ ಕಾಸಿನ ಸೋಂಕೇ ಇಲ್ಲದ ಆಟಗಳಲ್ಲಿಯೂ ನಮ್ಮ ಬಾಲಕರ ಕಿವಿಗೆ ದಿನವೂ ಬೀಳುತ್ತಿರುವ ಹೊಲಸು ಬೈಗುಳ, ಜಾತಿನಿಂದೆ, ಸ್ತ್ರೀನಿಂದೆಗಳ ವಿಚಾರವನ್ನು ಯಾರು ನೋಡಿಕೊಳ್ಳಬೇಕು?

ಆಟವೆಂದರೆ ಕಾಲಹರಣವೆಂದು ಗದರಿಸಿ ಸುಮ್ಮನಾಗುವ ರೂಢಿ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಅದು ವಿವೇಕದ ಮಾರ್ಗವಲ್ಲ. ಲಂಡನ್ ಒಲಿಂಪಿಕ್ ಪಂದ್ಯಗಳು ಆರಂಭವಾದ ದಿನವೇ, ಎಂದರೆ 1948ನೆಯ ಜುಲೈ 29ರಂದು, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗಟ್‌ಮನ್ನರು ಗಾಲಿಕುರ್ಚಿ ಹಿಡಿದಿದ್ದ 16 ಮಂದಿಯ ಕೈಗೆ ಬಿಲ್ಲುಬಾಣಗಳನ್ನು ಕೊಟ್ಟು ಸ್ಪರ್ಧೆಯನ್ನು ನಡೆಯಿಸಿದರು. ಬೆನ್ನುಹುರಿಗೆ ಪೆಟ್ಟು ಬಿದ್ದು ಬಾಳೇ ಮುಗಿಯಿತೆಂದಿದ್ದವರಿಗೆ ಅದು ಔಷಧವಾಯಿತು. ಇಂದಿನ ಪ್ಯಾರಾಲಿಂಪಿಕ್ ಪಂದ್ಯಗಳಿಗೆ ಅದೇ ಬೀಜವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಎಂಬ ವಿದುಷಿಯು ಮನೋವ್ಯಥೆಗೊಳಗಾದ ಮಕ್ಕಳನ್ನು ಆಟದ ಮೂಲಕ ಗುಣಪಡಿಸುವ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದಳು. ಯಂತ್ರದ ಆಟಗಳೂ ಈ ಗುಣಕ್ಕೆ ಹೊರತಲ್ಲ. ಮಕ್ಕಳ ಚಿತ್ತಚಾಂಚಲ್ಯದ ಚಿಕಿತ್ಸೆಗೆಂದು ರಚಿತವಾದ ಒಂದು ವಿಡಿಯೋ ಆಟಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2020ರಲ್ಲಿ ಅನುಮತಿಯಿತ್ತಿತು.

ಹಾಗಾದರೆ ಒಂದೆಡೆ ಔಷಧವಾದುದು ಇನ್ನೊಂದೆಡೆ ವಿಷವಾಗುವುದೇಕೆ? ಉತ್ತರವು ಆಕ್ಸ್‌ಲೈನಳ ಕ್ರಮದಲ್ಲಿಯೇ ಇದೆ. ಆಕೆಯ ಆಟದ ಕೋಣೆಯಲ್ಲಿ ಮಗುವು ತನ್ನ ಕೋಪವನ್ನು ಬೊಂಬೆಯ ಮೇಲೆ ತೀರಿಸಿಕೊಳ್ಳಬಹುದಾಗಿತ್ತು. ಆದರೆ ಅಲ್ಲಿ ಒಬ್ಬ ಹಿರಿಯರ ಸಾನ್ನಿಧ್ಯವಿತ್ತು, ಮೀರಲಾಗದ ಕೆಲವು ಎಲ್ಲೆಗಳಿದ್ದುವು. ಆನ್‌ಲೈನ್ ಕಣದಲ್ಲಿಯಾದರೋ ಮುಖವಿಲ್ಲ, ನಿಜನಾಮವಿಲ್ಲ, ನಾಳೆ ಎದುರಾಗಬೇಕೆಂಬ ದಾಕ್ಷಿಣ್ಯವಿಲ್ಲ. ಇಂಥ ಮರೆಯಲ್ಲಿ ಸಭ್ಯರ ನಾಲಿಗೆಯೂ ಸಡಿಲವಾಗುವುದೆಂಬುದನ್ನು ಜಾನ್ ಸೂಲರ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿಯೇ ವಿವರಿಸಿದ್ದಾರೆ. ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಪ್ರಸಿದ್ಧ ಆಟದ ಒಡೆಯರೇ ನಡೆಯಿಸಿದ ಪರಿಶೀಲನೆಯಲ್ಲಿ ಕಂಡುಬಂದುದು ಇನ್ನೂ ಗಮನಾರ್ಹ: ಬೈಗುಳದ ಬಹುಪಾಲು ಬಂದುದು ರೂಢಿಯ ಪುಂಡರಿಂದಲ್ಲ, ಎಂದೋ ಒಂದು ದಿನ ಮನಸ್ಸು ಕೆಟ್ಟಿದ್ದ ಸಾಮಾನ್ಯರಿಂದ. ಎದುರು ಪಕ್ಷದವರೊಡನೆ ಮಾತನಾಡುವ ಸೌಕರ್ಯವನ್ನು ನಿಷೇಧಿಸದೆ, ಬೇಕಾದವರು ತಾವಾಗಿ ತೆರೆದುಕೊಳ್ಳಲೆಂದು ಮುಚ್ಚಿಟ್ಟ ಮಾತ್ರದಿಂದಲೇ ದುರ್ಭಾಷೆಯು ಬಹಳಮಟ್ಟಿಗೆ ಇಳಿಯಿತು. ದೋಷವು ಹುಡುಗರ ಸ್ವಭಾವದಲ್ಲಿರುವುದಕ್ಕಿಂತ ಕಣದ ಏರ್ಪಾಡಿನಲ್ಲಿ ಹೆಚ್ಚಾಗಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಭಾರತದ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಹೊಸ ಪಾಠವೇನಲ್ಲ. ಹಸ್ತಿನಾವತಿಯ ದ್ಯೂತಸಭೆಯಲ್ಲಿ ಅನರ್ಥವಾದುದು ಕೇವಲ ದಾಳಗಳಿಂದಲ್ಲ. ದ್ರೌಪದಿಯು ನ್ಯಾಯವನ್ನು ಕೇಳಿದಾಗ ಭೀಷ್ಮದ್ರೋಣರಂಥ ಹಿರಿಯರು ತಲೆ ತಗ್ಗಿಸಿ ಕುಳಿತಿದ್ದರು. ಹೊಸ ಕಾಯಿದೆಯು ದಾಳವನ್ನು ಕಿತ್ತುಕೊಂಡಿದೆ. ಸಭೆಯ ಮೌನವು ಹಾಗೆಯೇ ಉಳಿದಿದೆ.

ಈ ಮೌನವನ್ನು ಮುರಿಯುವುದು ಪೊಲೀಸರೊಬ್ಬರ ಕೆಲಸವಲ್ಲ. ಹುಡುಗರ ಒಂದೊಂದು ಮಾತಿಗೂ ಠಾಣೆಯ ಮೆಟ್ಟಿಲು ಹತ್ತುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆಟದಿಂದ ಲಾಭ ಗಳಿಸುವ ಕಂಪನಿಗಳೇ ಕಣದ ಮರ್ಯಾದೆಗೆ ಮೊದಲ ಹೊಣೆಗಾರರು. ಅಪರಿಚಿತರ ಮಾತು ಬಾಲಕರಿಗೆ ಮೊದಲಿನಿಂದಲೇ ಮುಚ್ಚಿರಬೇಕು. ದೂರನ್ನು ವಿಚಾರಿಸಲು ಕನ್ನಡ ಬಲ್ಲವರು ಇರಬೇಕು, ಏಕೆಂದರೆ ಕನ್ನಡದ ಬೈಗುಳವನ್ನು ಅರಿಯದ ನ್ಯಾಯಾಧಿಪತಿಯಿಂದ ಕನ್ನಡದ ಮಗುವಿಗೆ ನ್ಯಾಯ ದೊರೆಯಲಾರದು. ಸರ್ಕಾರವು ಇವನ್ನು ಕಡ್ಡಾಯಗೊಳಿಸಬೇಕು. ಆಟದ ಚಟವೇ ರೋಗವಾದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ. ಆದರೆ ರೋಗಿಗಳಲ್ಲದ ಉಳಿದ ಮಕ್ಕಳ ನಡೆನುಡಿಗೆ ಮನೆಯೂ ಶಾಲೆಯೂ ಅಲ್ಲದೆ ಬೇರೆ ಆಸ್ಪತ್ರೆಯಿಲ್ಲ. ನಗರಸಭೆಗಳು ಆಟದ ಬಯಲುಗಳನ್ನು ಮಳಿಗೆಗಳಿಗೆ ಬಿಟ್ಟುಕೊಟ್ಟು, ಮಕ್ಕಳು ಫೋನು ಬಿಡರೆಂದು ಹಲುಬುವುದರಲ್ಲಿ ಅರ್ಥವಿಲ್ಲ.

ಪಾಲಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಫೋನನ್ನು ಕಿತ್ತಿಡುವ ಮೊದಲು ಒಂದು ಸಂಜೆ ಮಗನ ಪಕ್ಕದಲ್ಲಿ ಕುಳಿತು ಅವನ ಆಟವನ್ನು ನೋಡಿರಿ, ಅಲ್ಲಿಯ ಮಾತುಗಳನ್ನು ಕಿವಿಗೊಟ್ಟು ಕೇಳಿರಿ. ಹಿರಿಯರು ಕಣದಲ್ಲಿದ್ದಾರೆಂಬ ಅರಿವೇ ಅರ್ಧ ಕಾಯಿದೆ. ಸೋತವನನ್ನು ಹಳಿಯದೆ ಗೆಲ್ಲುವುದನ್ನು ಹುಡುಗರು ಆಟದಲ್ಲಿ ಕಲಿಯದಿದ್ದರೆ, ನಾಳೆ ಚುನಾವಣೆಯಲ್ಲಿಯೂ ಶಾಸನಸಭೆಯಲ್ಲಿಯೂ ಅದನ್ನು ಕಲಿತಾರೆಂಬ ಆಶೆ ವ್ಯರ್ಥವಾದುದು.