ಸೋಯಾ ಬೆಳೆಯಿರಿ, ತಿನ್ನಿ. ಅವ್ವನ ಮೂಳೆಗೆ ಅದೊಂದನ್ನೇ ನಂಬಬೇಡಿ

ಬೀದರ್, ಬೆಳಗಾವಿ, ಧಾರವಾಡ ಕಡೆಯ ಸೋಯಾಬೀನ್ ಬೆಳೆಗಾರರೇ, 'ಮುಟ್ಟು ನಿಂತ ಹೆಂಗಸರು ದಿನಾ ಸೋಯಾ ಪುಡಿ ತಿಂದರೆ ಮೂಳೆ ಸವೆಯಲ್ಲ' ಅನ್ನೋ ಮಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ನೇರವಾಗಿ ಹೇಳ್ತೀನಿ: ಸೋಯಾ ಒಳ್ಳೆಯ ಆಹಾರ, ಮೂಳೆಯ ಔಷಧಿ ಅಲ್ಲ.

ಈ ಮಾತು ಹುಟ್ಟಿದ್ದಕ್ಕೂ ಕಾರಣ ಇದೆ. ಈಸ್ಟ್ರೋಜನ್ ಹಾರ್ಮೋನು ಮೂಳೆ ಕರಗದಂತೆ ಕಾಯುತ್ತೆ. ಮುಟ್ಟು ನಿಂತಾಗ ಅದು ಇಳಿಯುತ್ತೆ, ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಟೊಳ್ಳಾಗುತ್ತೆ. ಸೋಯಾದಲ್ಲಿರುವ ಐಸೋಫ್ಲೇವೋನ್‌ಗಳು ಈಸ್ಟ್ರೋಜನ್ನನ್ನು ಹೋಲುತ್ತವೆ, ಆದರೆ ಅವುಗಳ ಶಕ್ತಿ ಬಹಳ ಕಡಿಮೆ. ಇಂಥ ಸಸ್ಯವಸ್ತುಗಳ ಪ್ರಭಾವ ಸುಳ್ಳೇನಲ್ಲ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಮೇವು ಮೇಯ್ದ ಕುರಿಗಳು ಗಬ್ಬ ಕಟ್ಟದೇ ಹೋದದ್ದು ಇವುಗಳಿಂದಲೇ.

ಹಾಗಂತ ಮೂಳೆ ಉಳಿಯುತ್ತಾ? ಅಮೆರಿಕದ ಮಯಾಮಿಯಲ್ಲಿ 248 ಮಹಿಳೆಯರ ಮೇಲೆ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ದಿನಕ್ಕೆ 200 ಮಿ.ಗ್ರಾಂ ಐಸೋಫ್ಲೇವೋನ್ ಮಾತ್ರೆ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಮಾತ್ರೆ, ಎರಡು ವರ್ಷ. 2011ರಲ್ಲಿ ಬಂದ ಫಲಿತಾಂಶ: ಎರಡೂ ಗುಂಪಿನ ಮೂಳೆ ಹೆಚ್ಚುಕಮ್ಮಿ ಒಂದೇ ಥರ ಸವೆದಿತ್ತು. ಬೇರೆ ಕೆಲವು ಪರೀಕ್ಷೆಗಳಲ್ಲಿ ಅಷ್ಟಿಷ್ಟು ಲಾಭ ಕಂಡದ್ದೂ ಉಂಟು. ಆದರೆ ನಂಬಿ ಕೂರುವಷ್ಟು ಅಲ್ಲ. ಸೋಯಾ ಎಣ್ಣೆಯಲ್ಲಂತೂ ಐಸೋಫ್ಲೇವೋನ್ ಇಲ್ಲವೆಂದೇ ಹೇಳಬಹುದು.

ಹಾಗಾದರೆ ಮನೆಯಲ್ಲಿ ಏನು ಮಾಡೋದು?

- ಅವ್ವನ ತಟ್ಟೆಯಲ್ಲಿ ರಾಗಿ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಜೊತೆಗೆ ಹಾಲು, ಮಜ್ಜಿಗೆ, ಎಳ್ಳು. ಹಾಲೆಲ್ಲ ಡೈರಿಗೆ ಹಾಕಿ ಮನೆಯವರಿಗೆ ಬರೀ ಚಹಾ ಉಳಿಸಬೇಡಿ.
- ಬಿಸಿಲು, ನಡಿಗೆ, ಮೈಬಗ್ಗಿಸುವ ಕೆಲಸ ನಿಲ್ಲದಿರಲಿ.
- ಸೋಯಾವನ್ನು ಪ್ರೋಟೀನಿಗಾಗಿ ತಿನ್ನಿ, ಚೆನ್ನಾಗಿ ಬೇಯಿಸಿ ಇಲ್ಲವೇ ಹುರಿದು. ಹಸಿದು ಬೇಡ.
- ಸಣ್ಣಗೆ ಬಿದ್ದರೂ ಮಣಿಕಟ್ಟು ಮುರಿದರೆ, ಬೆನ್ನು ಬಾಗುತ್ತಿದ್ದರೆ, ಡಾಕ್ಟರ ಹತ್ತಿರ ಹೋಗಿ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಬೇಕಾ ಅಂತ ಕೇಳಿ. ಇದಕ್ಕೆ ಒಳ್ಳೆಯ ಔಷಧಿಗಳಿವೆ.
- ಸ್ತನ ಕ್ಯಾನ್ಸರ್ ಆದವರು ಡಾಕ್ಟರನ್ನು ಕೇಳದೆ ಐಸೋಫ್ಲೇವೋನ್ ಮಾತ್ರೆ ಮುಟ್ಟಬಾರದು.

ಕೊನೆಗೊಂದು ಮಾತು, ಸೋಯಾ ಹಿಟ್ಟು ಪ್ಯಾಕ್ ಮಾಡಿ ಮಾರುವ ಗೆಳೆಯರಿಗೆ. ಪ್ರೋಟೀನ್ ಹೆಚ್ಚು ಅಂತ ಧೈರ್ಯವಾಗಿ ಬರೆಯಿರಿ, ಅದು ನಿಜ. 'ಮೂಳೆ ಸವೆತಕ್ಕೆ ಪರಿಹಾರ' ಅಂತ ಮಾತ್ರ ಅಚ್ಚು ಹಾಕಿಸಬೇಡಿ. ಅದನ್ನು ನಂಬಿ ಯಾರದೋ ತಾಯಿ ಆಸ್ಪತ್ರೆಗೆ ಹೋಗದೆ ಉಳಿದರೆ, ಸೊಂಟ ಮುರಿದ ಮೇಲೆ ನಿಮ್ಮ ಪ್ಯಾಕೆಟ್ ಅದನ್ನು ಕೂಡಿಸಲ್ಲ.