ಹುಲ್ಲಿನ ಮೇಲೂ ವಿಮಾನ ಇಳಿಯುತ್ತೆ, ಅದಕ್ಕೆ 15 ಎಕರೆ ಸಾಕು

ಶನಿವಾರ ಮಧುರೆಗೆ ಹೋದರೆ ಎರಡು ಸಾಲು ಕಾಣುತ್ತವೆ. ನೆಲದ ಮೇಲೆ ಶನಿಮಹಾತ್ಮನ ದರ್ಶನಕ್ಕೆ ನಿಂತವರ ಸಾಲು, ತಲೆಯ ಮೇಲೆ ದೇವನಹಳ್ಳಿಯ ವಿಮಾನಗಳ ಸಾಲು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ, ಮಧುರೆ ಇರೋದು ಅವುಗಳಿಗೆ ಹೆಚ್ಚುಕಡಿಮೆ ಪಶ್ಚಿಮಕ್ಕೆ. ಮೂಡಣ ಗಾಳಿ ಬೀಸಿದರೆ ಇಳಿಯುವ ವಿಮಾನಗಳು ಈ ಕಡೆಯಿಂದ ಬರುತ್ತವೆ, ಪಡುವಣ ಗಾಳಿಯಾದರೆ ಏರುವ ವಿಮಾನಗಳು ಈ ಕಡೆಗೆ ಹೊರಡುತ್ತವೆ. ಕಳೆದ ಸಲ ಹೋದಾಗ ಟೀ ಅಂಗಡಿಯಲ್ಲಿ ಪಕ್ಕ ಕೂತಿದ್ದ ತಾತನನ್ನು ಸದ್ದಿನ ಬಗ್ಗೆ ಕೇಳಿದೆ. "ಸದ್ದೇನೋ ಅಭ್ಯಾಸ ಆಗೋಯ್ತು ಕಣಪ್ಪ. ದಿನಾ ನೋಡ್ತೀವಿ. ಅದನ್ನ ಓಡ್ಸೋನು ನಮ್ಮೂರಿಂದ ಒಬ್ಬನೂ ಹುಟ್ಲಿಲ್ಲ ನೋಡು" ಅಂದರು.

ಆ ಮಾತು ತಲೆಯಲ್ಲೇ ಉಳಿಯಿತು. ವರ್ಷಕ್ಕೆ 4 ಕೋಟಿಗೂ ಹೆಚ್ಚು ಪ್ರಯಾಣಿಕರು ಓಡಾಡುವ ವಿಮಾನ ನಿಲ್ದಾಣ ಇದೇ ಜಿಲ್ಲೆಯಲ್ಲಿದೆ. ವಿಮಾನದ ಹೆಸರಲ್ಲಿ ಜಮೀನು ಕೊಟ್ಟದ್ದು ಈ ಜಿಲ್ಲೆ. ಆದರೂ ಹಾರೋದು ಅನ್ನುವುದು ಇಲ್ಲಿನ ಮಕ್ಕಳಿಗೆ ಕತ್ತೆತ್ತಿ ನೋಡುವ ಸಂಗತಿಯಾಗಿಯೇ ಉಳಿದಿದೆ.

ಹಾರೋದು ಕಲಿಯಲು ನಿಜಕ್ಕೂ ಎಷ್ಟು ಜಾಗ ಬೇಕು? ಎಂಜಿನಿಯರಿಂಗ್ ಬಿಟ್ಟು ಬಂದವನಿಗೆ ಲೆಕ್ಕ ಹಾಕುವ ಚಟ ಬಿಡುವುದಿಲ್ಲ, ಸಹಿಸಿಕೊಳ್ಳಿ. ಸೆಸ್ನಾ 172 ಎಂಬ ನಾಲ್ಕು ಸೀಟಿನ ತರಬೇತಿ ವಿಮಾನ ಸಮುದ್ರಮಟ್ಟದಲ್ಲಿ, ಗಟ್ಟಿ ರನ್‌ವೇ ಮೇಲೆ ಓಡಿ 50 ಅಡಿ ಎತ್ತರ ತಲುಪಲು ಸುಮಾರು 500 ಮೀಟರ್ ಸಾಕು. ದೊಡ್ಡಬಳ್ಳಾಪುರದ ಸೀಮೆ ಇರೋದು ಸುಮಾರು 3,000 ಅಡಿ ಎತ್ತರದಲ್ಲಿ. ಇಲ್ಲಿ ಗಾಳಿ ತೆಳು, ಎಂಜಿನ್ನಿಗೂ ರೆಕ್ಕೆಗೂ ಬಲ ಕಮ್ಮಿ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನದ ಪೈಲಟ್‌ಗಳಿಗೆ ಹೇಳಿಕೊಡುವ ಸೂತ್ರದ ಪ್ರಕಾರ ಪ್ರತಿ 1,000 ಅಡಿ ಎತ್ತರಕ್ಕೆ ಶೇ 10, ಉಷ್ಣಾಂಶ 10 ಡಿಗ್ರಿ ಏರಿದರೆ ಮತ್ತೆ ಶೇ 10, ಒಣ ಹುಲ್ಲಿಗೆ ಶೇ 20, ಒದ್ದೆ ಹುಲ್ಲಿಗೆ ಶೇ 30 ಸೇರಿಸಬೇಕು. ಇವನ್ನು ಕೂಡಬಾರದು, ಒಂದರ ಮೇಲೊಂದು ಗುಣಿಸಬೇಕು. 30 ಡಿಗ್ರಿ ಬಿಸಿಲಲ್ಲಿ ನಮ್ಮ 500 ಮೀಟರ್ ಹೆಚ್ಚುಕಡಿಮೆ 1 ಕಿಲೋಮೀಟರ್ ಆಗುತ್ತೆ. ಸುರಕ್ಷತೆಗೆ ಇನ್ನಷ್ಟು ಉದ್ದ ಬಿಡಬೇಕು, ಇಲ್ಲವೇ ಭಾರ ಇಳಿಸಿ ಬೆಳಗಿನ ತಂಪಲ್ಲಿ ಹಾರಬೇಕು. 1 ಕಿಲೋಮೀಟರ್ ಉದ್ದ, 60 ಮೀಟರ್ ಅಗಲ ಅಂದರೆ ಸುಮಾರು 15 ಎಕರೆ. ಡಾಂಬರು ಬೇಡ, ಕಾಂಕ್ರೀಟ್ ಬೇಡ. ಹುಲ್ಲು ಕತ್ತರಿಸಬೇಕು, ಗುಂಡಿ ಮುಚ್ಚಿ ರೋಲರ್ ಎಳೆಯಬೇಕು, ನೀರು ನಿಲ್ಲದಂತೆ ನೋಡಿಕೊಳ್ಳಬೇಕು, ದನ ನುಗ್ಗದಂತೆ ಕಾಯಬೇಕು.

ಇದು ನಮಗೆ ಹೊಸದೂ ಅಲ್ಲ. 1932ರ ಅಕ್ಟೋಬರ್‌ನಲ್ಲಿ ಕರಾಚಿಯಿಂದ ಮದ್ರಾಸಿಗೆ ಹೊರಟ ಟಾಟಾ ಅಂಚೆ ವಿಮಾನ ದಾರಿಯಲ್ಲಿ ನಮ್ಮ ಬಳ್ಳಾರಿಯಲ್ಲಿ ಇಳಿದಿತ್ತು. ಆಗ ಜುಹುವಿನ ಮೈದಾನ ಮಳೆಗಾಲದಲ್ಲಿ ಕೆಸರುಗದ್ದೆ, ಆ ತಿಂಗಳುಗಳಲ್ಲಿ ಟಾಟಾದವರು ಪುಣೆಗೆ ಹೋಗಿ ಹಾರುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನ ಎಚ್‌ಎಎಲ್ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಬಟ್ಟೆ ಹೊದಿಸಿದ ಎರಡು ಸೀಟಿನ ಪುಷ್ಪಕ್ ಮಾಡಿತು. ಅದು ಮೊದಲು ಹಾರಿದ್ದು 1958ರಲ್ಲಿ, ತಯಾರಾದದ್ದು ನೂರೈವತ್ತರಷ್ಟು. ಆಮೇಲೆ ಎನ್‌ಎಎಲ್‌ನವರ ಹಂಸ ಬಂತು. ಅದರ ಹೊಸ ರೂಪ ಹಂಸ-ಎನ್‌ಜಿ 2021ರಲ್ಲಿ ಬೆಂಗಳೂರಲ್ಲೇ ಹಾರಿತು. ಸಣ್ಣ ವಿಮಾನ ಮಾಡುವ ತಿಳಿವಳಿಕೆ ನಮ್ಮಲ್ಲಿ ಯಾವತ್ತೂ ಇತ್ತು. ಅದರಲ್ಲಿ ಯಾರನ್ನು ಕೂರಿಸಬೇಕು ಅನ್ನೋದನ್ನು ಮಾತ್ರ ಯೋಚಿಸಲಿಲ್ಲ.

ಜಕ್ಕೂರು ಇದಕ್ಕೆ ಸಾಕ್ಷಿ. 1940ರ ದಶಕದ ಕೊನೆಯಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅದು, ಈಗ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೆಳಗಿದೆ. ಆಗ ಊರಾಚೆಯ ಬಯಲು. ಈಗ ಸುತ್ತ ಅಪಾರ್ಟ್‌ಮೆಂಟು, ಒಂದು ತುದಿಯಲ್ಲಿ ಬಳ್ಳಾರಿ ರಸ್ತೆಯ ಎತ್ತರಿಸಿದ ಹೆದ್ದಾರಿ, ಅದೇ ರಸ್ತೆಯಲ್ಲಿ ಬರುತ್ತಿರುವ ಮೆಟ್ರೋದ ನೀಲಿ ಮಾರ್ಗ. ರನ್‌ವೇ ತುದಿಯಲ್ಲಿ ಏನಾದರೂ ಎದ್ದರೆ ವಿಮಾನ ಅದರ ಮೇಲಿಂದ ಸಾಕಷ್ಟು ಅಂತರ ಬಿಟ್ಟು ಇಳಿಯಬೇಕು, ಹಾಗಾಗಿ ಒಂದಿಂಚೂ ಅಗೆಯದೆ ರನ್‌ವೇ ಗಿಡ್ಡವಾಗುತ್ತೆ. ಜಕ್ಕೂರಿಗೆ ಆದದ್ದೂ ಅದೇ. ಸಾಲದ್ದಕ್ಕೆ ಬೋಧಕರ ಕೊರತೆ, ವರ್ಷಗಟ್ಟಲೆ ನಿಂತುಹೋದ ತರಬೇತಿ. ವಿಮಾನ ನಿಲ್ದಾಣಕ್ಕೆ ಬೇಗ ತಲುಪಲು ಕಟ್ಟಿದ ರಸ್ತೆಯೇ ಸರ್ಕಾರಿ ಪೈಲಟ್ ಶಾಲೆಯ ಕುತ್ತಿಗೆ ಹಿಸುಕಿತು. ಇದನ್ನು ಕಾಕತಾಳೀಯ ಅಂತ ಒಪ್ಪಿಕೊಳ್ಳೋಕೆ ನನಗೆ ಕಷ್ಟ. ರಸ್ತೆಯ ಹಿಂದೆ ಪ್ರಯಾಣಿಕರ ಬೇಡಿಕೆ ಇತ್ತು, ಶಾಲೆಯ ಹಿಂದೆ ಯಾರೂ ಇರಲಿಲ್ಲ.

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಡಿಜಿಸಿಎ ಕೇಳೋದು 200 ಗಂಟೆ ಹಾರಾಟ. ಖಾಸಗಿ ಶಾಲೆಗಳಲ್ಲಿ ಅದರ ಖರ್ಚು ಅರ್ಧ ಕೋಟಿಯ ಸುತ್ತಮುತ್ತ ಬರುತ್ತೆ. ವಿಮಾನ ನಿಲ್ದಾಣ ಪ್ರಾಧಿಕಾರ ಬೆಳಗಾವಿ, ಕಲಬುರಗಿಗಳಲ್ಲಿ ತರಬೇತಿ ಶಾಲೆಗೆ ಜಾಗ ಕೊಟ್ಟಿತು, ಒಳ್ಳೆಯದೇ. ಆದರೆ ಅಲ್ಲೂ ಹಣ ಇದ್ದವನಿಗೇ ಬಾಗಿಲು. ಮಧುರೆಯ ರಾಗಿ ಬೆಳೆಗಾರನ ಮಗಳು ಅರ್ಧ ಕೋಟಿ ಹೊಂದಿಸಬೇಕಾದರೆ ಇರುವ ದಾರಿ ಒಂದೇ, ಜಮೀನು ಮಾರೋದು.

ಜಮೀನಿನ ಮಾತು ಬಂತಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ತೆಗೆದುಕೊಳ್ಳಲು ಕೆಐಎಡಿಬಿ ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟರು. ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್ ಕಂಪನಿಗಳಿಗೆ ನಮ್ಮಲ್ಲಿಗೆ ಬನ್ನಿ ಅಂದರು. ನಮ್ಮ ಟಿವಿ ಚರ್ಚೆಗಳಲ್ಲಿ ರೈತರೇ ವಿಮಾನಯಾನದ ವಿರೋಧಿಗಳು ಎಂಬಂತೆ ಮಾತು ನಡೆಯಿತು.

ಪಾರ್ಕು ಕಾರ್ಖಾನೆಗಳಿಗೆ, ಹಾರಾಟಕ್ಕಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನಬಹುದು. ಸರಿಯೇ. ಆದರೆ ಸರ್ಕಾರಕ್ಕೆ ವಿಮಾನ ಅಂದಕೂಡಲೇ ಹೊಳೆಯೋದು ಎಕರೆ ಲೆಕ್ಕ, ಕಲಿಯುವ ಮಕ್ಕಳ ಲೆಕ್ಕ ಅಲ್ಲ. ನನ್ನ ತಕರಾರು ಅದರ ಬಗ್ಗೆ.

ಹಾಗಂತ ಮಧುರೆಯಲ್ಲೇ ಹುಲ್ಲಿನ ರನ್‌ವೇ ಆಗಲಿ ಅಂತ ನಾನು ಹೇಳುತ್ತಿಲ್ಲ. ಒಂದು ಕಡೆ ದೇವನಹಳ್ಳಿಯ ಸಂಚಾರ, ಇನ್ನೊಂದು ಕಡೆ ಯಲಹಂಕದ ವಾಯುನೆಲೆ. ಈ ಆಕಾಶದಲ್ಲಿ ಕಲಿಯುವವನು ಸುತ್ತು ಹೊಡೆಯಲು ತೆರಪಿಲ್ಲ. ನೆಲದ್ದೂ ಅಷ್ಟೇ ತೊಡಕು. ಹುಲ್ಲಿನ ಬಯಲು ಅಂದಕೂಡಲೇ ಅಧಿಕಾರಿಗಳ ಕಣ್ಣು ಹೋಗೋದು ಗೋಮಾಳದ ಮೇಲೆ. ಘಾಟಿ ದನದ ಜಾತ್ರೆ ನಡೆಯುವ ತಾಲ್ಲೂಕಿದು, ಗೋಮಾಳದ ಹುಲ್ಲಿಗೆ ಆಗಲೇ ಹಕ್ಕುದಾರರಿದ್ದಾರೆ. 15 ಎಕರೆ ಕೆಐಎಡಿಬಿಗೆ ಚಿಲ್ಲರೆ, ಇಲ್ಲಿ ಅದು ಮೂರ್ನಾಲ್ಕು ಸಣ್ಣ ರೈತ ಕುಟುಂಬಗಳ ಬದುಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಜಮೀನು ಯಾರು ಬೇಕಾದರೂ ಕೊಳ್ಳಬಹುದು. ನಾಳೆ ಹುಲ್ಲಿನ ರನ್‌ವೇ ಹೆಸರಲ್ಲಿ ಸಾಹುಕಾರರ ವೀಕೆಂಡ್ ಕ್ಲಬ್ಬು ಎದ್ದರೆ ಆಶ್ಚರ್ಯವಿಲ್ಲ.

ಹೊಸ ನೆಲ ಬೇಡ, ಇರೋದನ್ನೇ ಬಳಸಲಿ. ಜಕ್ಕೂರಿನಲ್ಲಿ ಉಳಿದ ರನ್‌ವೇಗೆ ಇನ್ನೊಂದು ಅಡ್ಡಿ ಏಳದಂತೆ ಎತ್ತರದ ಮಿತಿ ಕಟ್ಟುನಿಟ್ಟಾಗಲಿ, ಬೋಧಕರ ಖಾಯಂ ನೇಮಕ ಆಗಲಿ. ಆಕಾಶದಲ್ಲಿ ದಟ್ಟಣೆ ಕಮ್ಮಿ ಇರುವ ಬಯಲುಸೀಮೆಯ ಜಿಲ್ಲೆಗಳಲ್ಲಿ ಸರ್ಕಾರ ಸ್ವಾಧೀನ ಮಾಡಿಕೊಂಡು ಪಾಳು ಬಿಟ್ಟ ಕೈಗಾರಿಕಾ ಜಮೀನಿದ್ದರೆ ಅಲ್ಲೊಂದು ಹುಲ್ಲಿನ ರನ್‌ವೇ ಮಾಡಿ, ಹಂಸದಂಥ ವಿಮಾನ ತಂದು, ಹಳ್ಳಿಯ ಮಕ್ಕಳಿಗೆ ಸೀಟು ಮೀಸಲಿಟ್ಟು ಶುರು ಮಾಡಬಹುದು.

ಈ ವಾರ ಕ್ರೀಡಾ ಇಲಾಖೆಗೆ ಮಾಹಿತಿ ಹಕ್ಕಿನಡಿ ಮೂರು ಪ್ರಶ್ನೆ ಕಳಿಸಿದ್ದೇನೆ. ಕಳೆದ ಹತ್ತು ವರ್ಷಗಳಲ್ಲಿ ಜಕ್ಕೂರಿನಲ್ಲಿ ಎಷ್ಟು ಮಂದಿ 200 ಗಂಟೆ ಮುಗಿಸಿದರು? ಅವರಲ್ಲಿ ಗ್ರಾಮಾಂತರ ಜಿಲ್ಲೆಯವರು ಎಷ್ಟು? ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನಗಳು ಎಷ್ಟು? ಉತ್ತರಕ್ಕೆ 30 ದಿನದ ಗಡುವಿದೆ. ಬಂದರೆ ಇಲ್ಲೇ ಹಾಕುತ್ತೇನೆ, ಒಂದು ಪ್ರತಿ ಮಧುರೆಯ ಆ ಟೀ ಅಂಗಡಿಗೂ ಕೊಟ್ಟು ಬರುತ್ತೇನೆ.