ನೆಲವಿಲ್ಲದ ಭಾಷೆಯಿಂದ ನಾವು ಕಲಿಯಬೇಕಾದುದು

ರಾಜ್ಯದ ಬೆಂಬಲವಿಲ್ಲದ ಭಾಷೆ ಬದುಕಬಲ್ಲದೇ ಎಂಬ ಪ್ರಶ್ನೆ ಕರ್ನಾಟಕದೊಳಗಿನ ಕನ್ನಡಿಗನಿಗೆ ಸಭೆಗಳ ಚರ್ಚಾವಿಷಯ ಮಾತ್ರ. ಹೊರನಾಡಿನವರಾದ ನಮಗೆ ಅದು ಪ್ರತಿದಿನದ ಊಟದ ಮನೆಯ ಪ್ರಶ್ನೆ. ನಾಗಪುರದ ರಾಮದಾಸಪೇಠಿನಲ್ಲೋ ಧಂತೋಲಿಯಲ್ಲೋ ನೆಲೆಸಿದ ಕುಟುಂಬಕ್ಕೆ ಕನ್ನಡ ಬಾರದಿದ್ದರೆ ಯಾವ ನಷ್ಟವೂ ಇಲ್ಲ. ಮರಾಠಿ ನೆರೆಹೊರೆಯನ್ನು ಕೊಡುತ್ತದೆ, ಹಿಂದಿ ಪೇಟೆಯನ್ನು ಕೊಡುತ್ತದೆ, ಇಂಗ್ಲಿಷ್ ಉದ್ಯೋಗವನ್ನು ಕೊಡುತ್ತದೆ. ಕನ್ನಡ ಏನನ್ನೂ ಕೊಡದು. ಅದನ್ನು ನಾವೇ ಬೇಕೆಂದು ಇಟ್ಟುಕೊಳ್ಳಬೇಕು. 2011ರ ಜನಗಣತಿಯಂತೆ ಭಾರತದಲ್ಲಿ 4 ಕೋಟಿ 37 ಲಕ್ಷ ಜನರ ಮಾತೃಭಾಷೆಯಾದ ಕನ್ನಡ, ಇಲ್ಲಿನ ಎರಡನೆಯ ತಲೆಮಾರಿನ ಮಗುವಿನ ಪಾಲಿಗೆ ಬರಿಯ ಐಚ್ಛಿಕ ವಿಷಯ.

ಪೂರ್ತಿಯಾಗಿ ಇಚ್ಛೆಯ ಮೇಲೆಯೇ ನಿಂತಿರುವ ಭಾಷೆಯೊಂದು ಜಗತ್ತಿನಲ್ಲಿದೆ. ಅದು ಎಸ್ಪೆರಾಂಟೋ. ಅದನ್ನು ವಿಲಕ್ಷಣ ಹವ್ಯಾಸವೆಂದು ನಕ್ಕು ಬದಿಗೆ ಸರಿಸುವ ಮೊದಲು ಹೊರನಾಡ ಕನ್ನಡಿಗರು ಅದರ ಕಥೆಯನ್ನು ಗಮನವಿಟ್ಟು ನೋಡಬೇಕೆಂಬುದು ಈ ಲೇಖನದ ವಿನಂತಿ.

ಭಾಷೆಗಳ ನಡುವಿನ ಸೇತುವೆಯ ಚಿಂತೆ ನಾಗಪುರಕ್ಕೆ ಹೊಸದಲ್ಲ. 1936ರ ಏಪ್ರಿಲಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಭಾರತೀಯ ಸಾಹಿತ್ಯ ಪರಿಷತ್ತು ಸೇರಿದ್ದು ಇದೇ ಊರಿನಲ್ಲಿ. ಸಂಪರ್ಕಭಾಷೆಯನ್ನು ಹಿಂದಿ ಎನ್ನಬೇಕೇ ಹಿಂದುಸ್ತಾನಿ ಎನ್ನಬೇಕೇ ಎಂಬ ವಿವಾದದಲ್ಲಿ ಉರ್ದು ವಿದ್ವಾಂಸ ಮೌಲ್ವಿ ಅಬ್ದುಲ್ ಹಕ್ ಮುನಿದು ದೂರವಾದದ್ದೂ ಇಲ್ಲಿಯೇ. ಅದೇ ವರ್ಷ ಹತ್ತಿರದ ವಾರ್ಧಾದಲ್ಲಿ ರಾಷ್ಟ್ರಭಾಷಾ ಪ್ರಚಾರ ಸಮಿತಿ ಹುಟ್ಟಿತು. 1975ರ ಜನವರಿಯಲ್ಲಿ ಮೊದಲ ವಿಶ್ವ ಹಿಂದಿ ಸಮ್ಮೇಳನವೂ ನಾಗಪುರದಲ್ಲೇ ನಡೆಯಿತು. ಧಾಮ್ ನದಿಯ ದಂಡೆಯ ಪವನಾರದಲ್ಲಿ ಆಶ್ರಮ ಹೂಡಿದ್ದ ವಿನೋಬಾ ಭಾವೆಯವರು ಕನ್ನಡವೂ ಸೇರಿದಂತೆ ದೇಶದ ಅನೇಕ ಭಾಷೆಗಳನ್ನು ಕಲಿತದ್ದು ನಮಗೆಲ್ಲ ತಿಳಿದ ಸಂಗತಿ. ಅವರು ಎಸ್ಪೆರಾಂಟೋವನ್ನೂ ಅಭ್ಯಾಸ ಮಾಡಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ.

ಈ ಭಾಷೆಯನ್ನು ಕಟ್ಟಿದ ಲುಡ್ವಿಕ್ ಜಾಮೆನ್‌ಹಾಫ್ 1859ರಲ್ಲಿ ಅಂದಿನ ರಷ್ಯನ್ ಸಾಮ್ರಾಜ್ಯದ ಬಿಯಾಲಿಸ್ಟಾಕ್ ಪಟ್ಟಣದಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿದರು. ವೃತ್ತಿಯಿಂದ ಕಣ್ಣಿನ ವೈದ್ಯರು. ಯೆಹೂದಿ, ಪೋಲಿಷ್, ರಷ್ಯನ್, ಜರ್ಮನ್ ಜನರು ಒಂದೇ ಪೇಟೆಯಲ್ಲಿ ಪರಸ್ಪರ ಅನ್ಯರಾಗಿ ಬದುಕುವುದನ್ನು ಕಂಡು ಬೆಳೆದವರು. ಯಾರದೂ ಅಲ್ಲದ, ಆದುದರಿಂದಲೇ ಎಲ್ಲರದೂ ಆಗಬಲ್ಲ ಭಾಷೆಯನ್ನು 1887ರಲ್ಲಿ ವಾರ್ಸಾದಲ್ಲಿ ಪುಟ್ಟ ಪುಸ್ತಕವಾಗಿ ಹೊರತಂದರು. ಅವರಿಟ್ಟುಕೊಂಡ ಕಾವ್ಯನಾಮದ ಅರ್ಥ ‘ಆಶಿಸುವವನು’; ಆ ಹೆಸರೇ ಭಾಷೆಯ ಹೆಸರಾಯಿತು. ಇಬ್ಬರು ಭೇಟಿಯಾದಾಗ ಒಬ್ಬನೇ ಪೂರ್ತಿ ದಾರಿ ನಡೆಯಬಾರದು, ಇಬ್ಬರೂ ಅರ್ಧರ್ಧ ನಡೆಯಬೇಕೆಂಬುದು ಅದರ ತಿರುಳು.

ಅದರ ರಚನೆ ಕನ್ನಡಿಗನಿಗೆ ಅಪರಿಚಿತವೆನಿಸದು. ಪ್ರಕೃತಿಗೆ ಪ್ರತ್ಯಯಗಳನ್ನು ಒಂದರ ಹಿಂದೊಂದು ಪೋಣಿಸುವ ನಮ್ಮ ಕ್ರಮವೇ ಅಲ್ಲಿಯೂ ಕಾಣುತ್ತದೆ. ‘ಸಾನಾ’ ಎಂದರೆ ಆರೋಗ್ಯವುಳ್ಳ. ವಿರುದ್ಧಾರ್ಥದ ‘ಮಲ್’ ಸೇರಿ ‘ಮಲ್‌ಸಾನಾ’, ಅಸ್ವಸ್ಥ. ವ್ಯಕ್ತಿಸೂಚಕ ಪ್ರತ್ಯಯ ಸೇರಿ ‘ಮಲ್‌ಸಾನುಲೊ’, ರೋಗಿ. ಸ್ಥಳಸೂಚಕ ಪ್ರತ್ಯಯ ಸೇರಿ ‘ಮಲ್‌ಸಾನುಲೇಯೊ’, ಆಸ್ಪತ್ರೆ. ಬೀದಿಬೀದಿಗೆ ಆಸ್ಪತ್ರೆಗಳಿರುವ ರಾಮದಾಸಪೇಠಿನ ನಿವಾಸಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗಲಾರದು! ನಾಮಪದಗಳೆಲ್ಲ ‘ಒ’ಕಾರದಿಂದಲೂ ವಿಶೇಷಣಗಳೆಲ್ಲ ‘ಆ’ಕಾರದಿಂದಲೂ ಮುಗಿಯುತ್ತವೆ, ಅಪವಾದಗಳಿಲ್ಲ. ಆದರೆ ಶಬ್ದಭಂಡಾರ ಬಹುಮಟ್ಟಿಗೆ ಯೂರೋಪಿನದು. ಯಾರದೂ ಅಲ್ಲದ ಭಾಷೆಯೆಂಬ ಮಾತು ಏಷ್ಯಾದವರ ಮಟ್ಟಿಗೆ ಅರ್ಧಸತ್ಯವೇ. ಈ ಆಕ್ಷೇಪವನ್ನು ಎಸ್ಪೆರಾಂಟೋದ ಅಭಿಮಾನಿಗಳು ಒಪ್ಪಿಕೊಳ್ಳಬೇಕು.

ಆದರೂ ಅದು ಬದುಕಿ ಉಳಿದುದೇಕೆ? ಅದಕ್ಕಿಂತ ಮೊದಲು, 1880ರ ಸುಮಾರಿಗೆ, ಶ್ಲಾಯರ್ ಎಂಬ ಜರ್ಮನ್ ಪಾದ್ರಿ ವೊಲಪ್ಯೂಕ್ ಎಂಬ ಭಾಷೆಯನ್ನು ಕಟ್ಟಿದ್ದರು. ಹತ್ತು ವರ್ಷಗಳಲ್ಲಿ ಅದು ಯೂರೋಪಿನಲ್ಲೆಲ್ಲ ಹಬ್ಬಿತು. 1889ರ ಪ್ಯಾರಿಸ್ ಸಮ್ಮೇಳನದ ಕಲಾಪವೆಲ್ಲ ಅದೇ ಭಾಷೆಯಲ್ಲಿ ನಡೆಯಿತು. ಆಮೇಲೆ ಸುಧಾರಣೆಯ ಪ್ರಶ್ನೆ ಬಂದಾಗ ಕೊನೆಯ ಮಾತು ತನ್ನದೇ ಆಗಬೇಕೆಂದು ಶ್ಲಾಯರ್ ಹಟ ಹಿಡಿದರು, ಬಣಗಳಾದವು, ಭಾಷೆ ಕುಸಿಯಿತು. ಜಾಮೆನ್‌ಹಾಫ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. 1905ರಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಮೊದಲ ವಿಶ್ವಸಮ್ಮೇಳನ ಸೇರಿದಾಗ ಭಾಷೆಯ ಮೇಲೆ ತನಗಾಗಲಿ ಬೇರೆಯವರಿಗಾಗಲಿ ಒಡೆತನವಿಲ್ಲವೆಂಬ ಘೋಷಣೆಯಾಯಿತು. 1912ರಲ್ಲಿ ಅವರು ನಾಯಕತ್ವವನ್ನೂ ತೊರೆದರು. ಒಡೆಯ ಬಿಟ್ಟುಕೊಟ್ಟ ಭಾಷೆ ಉಳಿಯಿತು, ಬಿಗಿಹಿಡಿದ ಭಾಷೆ ಅಳಿಯಿತು. ಹೊರನಾಡ ಸಂಘಗಳ ಚುನಾವಣೆಗಳನ್ನೂ ಸೀಳುಗಳನ್ನೂ ಕಂಡಿರುವ ಓದುಗರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿವಿನ ದಾರಿ ಹೂವಿನದಾಗಿರಲಿಲ್ಲ. 1920ರ ದಶಕದಲ್ಲಿ ರಾಷ್ಟ್ರಸಂಘದ ಮುಂದೆ ಬಂದ ಪ್ರಸ್ತಾಪಕ್ಕೆ ಫ್ರಾನ್ಸ್ ಅಡ್ಡವಾಯಿತು. ಸ್ಟಾಲಿನ್ ಕಾಲದ ಸೋವಿಯತ್ ದೇಶದಲ್ಲಿ ಎಸ್ಪೆರಾಂಟೋ ಬಲ್ಲವರು ಸೆರೆಗೂ ಗುಂಡಿಗೂ ಈಡಾದರು. ಜಾಮೆನ್‌ಹಾಫರ ಮೂವರು ಮಕ್ಕಳೂ ನಾಜಿಗಳ ಕೈಯಲ್ಲಿ ಹತರಾದರು. 1954ರಲ್ಲಿ ಮಾಂಟೆವಿಡಿಯೋದಲ್ಲಿ ಯುನೆಸ್ಕೋ ಅದರ ಸಾಧನೆಯನ್ನು ಮನ್ನಿಸಿ ನಿರ್ಣಯ ಮಾಡಿತು. 2008ರಲ್ಲಿ ಏಷ್ಯಾದ 5ನೆಯ ಎಸ್ಪೆರಾಂಟೋ ಸಮ್ಮೇಳನ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಇಂದು ಅದನ್ನು ಆಡುವವರ ಸಂಖ್ಯೆಯ ಅಂದಾಜು ಕೆಲವು ಹತ್ತು ಸಾವಿರಗಳಿಂದ ಇಪ್ಪತ್ತು ಲಕ್ಷದವರೆಗೆ ಹೊಯ್ದಾಡುತ್ತದೆ. ತಂದೆತಾಯಿಗಳಿಂದ ಮನೆಮಾತಾಗಿಯೇ ಪಡೆದ ಮಕ್ಕಳೂ ಅವರಲ್ಲಿದ್ದಾರೆ.

ಈ ಸಮುದಾಯದ ಎರಡು ನಡವಳಿಕೆಗಳು ವಿಶೇಷವಾಗಿ ಗಮನಾರ್ಹ. ಮೊದಲನೆಯದು ಆತಿಥ್ಯ. 1970ರ ದಶಕದಿಂದ ನಡೆದುಬಂದಿರುವ ‘ಪಾಸ್‌ಪೋರ್ಟಾ ಸೆರ್ವೊ’ ಎಂಬ ವ್ಯವಸ್ಥೆಯಲ್ಲಿ, ಈ ಭಾಷೆಯನ್ನಾಡುವ ಪ್ರವಾಸಿಗೆ ಅನೇಕ ದೇಶಗಳಲ್ಲಿ ಪರಿಚಯವಿಲ್ಲದವರ ಮನೆಗಳಲ್ಲಿ ಉಚಿತ ವಸತಿ ದೊರೆಯುತ್ತದೆ. ಅಲ್ಲಿ ಭಾಷೆಯೇ ಬಂಧುತ್ವ. ಎರಡನೆಯದು ಒಂದು ಕ್ರಿಯಾಪದ: ‘ಕ್ರೊಕೊಡಿಲಿ’, ಅಂದರೆ ‘ಮೊಸಳೆಯಾಗುವುದು’. ಎಸ್ಪೆರಾಂಟೋ ಕೂಟದಲ್ಲಿ ಅದನ್ನು ಬಿಟ್ಟು ಸುಲಭವೆಂದು ಸ್ವದೇಶದ ಭಾಷೆಗೆ ಜಾರುವವನನ್ನು ಹೀಗೆ ಗೇಲಿಮಾಡುತ್ತಾರೆ. ನಮ್ಮ ಸಂಘಗಳಲ್ಲಿ ನಾಡಗೀತೆಗೆ ಎದ್ದುನಿಂತು, ಕುಳಿತೊಡನೆ ಕಾರ್ಯಕಾರಿ ಸಮಿತಿಯ ಚರ್ಚೆಯನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನಡೆಸುವ ಮೊಸಳೆಗಳು ಎಷ್ಟಿಲ್ಲ!

ಅವರಿಗೂ ನಮಗೂ ಇರುವ ದೊಡ್ಡ ಅಂತರ ಕಲಿಯುವವನನ್ನು ಕಾಣುವ ಬಗೆಯಲ್ಲಿದೆ. ಎಸ್ಪೆರಾಂಟೋದಲ್ಲಿ ಬಹುತೇಕ ಎಲ್ಲರೂ ಕಲಿತವರೇ. ಆದುದರಿಂದ ತೊದಲುವವನಿಗೆ ಅವಮಾನವಿಲ್ಲ. ನಮ್ಮಲ್ಲಿ ಮರಾಠಿಯ ಎರಕದ ಕನ್ನಡವನ್ನಾಡುವ ಹುಡುಗಿಯನ್ನು ಹಿರಿಯರು ಕೂಡಿ ನಗುತ್ತಾರೆ. ಸೊಸೆಯಾಗಿ ಬಂದ ಮರಾಠಿ ಹೆಣ್ಣುಮಗಳು ಆಡಿದ ನಾಲ್ಕು ವಾಕ್ಯಗಳನ್ನು ಅನುಕರಿಸಿ ವಿನೋದಪಡುತ್ತಾರೆ. ಮುಂದಿನ ವರ್ಷ ಅವರಿಬ್ಬರೂ ಹಿಂದಿಯಲ್ಲೇ ಮಾತನಾಡುತ್ತಾರೆ. ಹೀಗಾದಾಗ ಕನ್ನಡವನ್ನು ಕೊಂದದ್ದು ಪರಭಾಷೆಯೆಂದು ದೂರುವುದು ನ್ಯಾಯವೇ?

ಕೃತಕ ಭಾಷೆಯೊಡನೆ ಸಾವಿರಾರು ವರ್ಷಗಳ ಕನ್ನಡವನ್ನು ಹೋಲಿಸುವುದು ಅಪಚಾರವೆಂದು ಕೆಲವರಿಗೆ ಅನ್ನಿಸಬಹುದು. ಕನ್ನಡಕ್ಕೆ ನೆಲವಿದೆ, ಜನವಿದೆ, ಕವಿಗಳಿದ್ದಾರೆ. ಅದು ನಮ್ಮ ಇಚ್ಛೆಯನ್ನು ಕಾದು ಕುಳಿತಿಲ್ಲವೆಂಬುದು ನಿಜ. ಆದರೆ ಆ ನೆಲ ನಾಗಪುರಕ್ಕೆ ಬರಲಾರದು. ಪರಂಪರೆಯ ಹಿರಿಮೆ ಮಗುವಿನ ನಾಲಗೆಗೆ ತಾನಾಗಿ ಇಳಿಯುವುದೂ ಇಲ್ಲ. ಬೆನ್ನಹಿಂದೆ ನಾಡೇ ಇಲ್ಲದ ಭಾಷೆಯನ್ನು ಅದರ ಜನ ನೂರಮೂವತ್ತಕ್ಕೂ ಹೆಚ್ಚು ವರ್ಷ ಕಾಪಾಡಿರುವಾಗ, ಇಷ್ಟೊಂದು ಆಸ್ತಿಯುಳ್ಳ ನಾವು ಎರಡೇ ತಲೆಮಾರುಗಳಲ್ಲಿ ಕೈಚೆಲ್ಲುವುದು ನಾಚಿಕೆಯ ಸಂಗತಿ.

ಆಸಕ್ತಿಯುಳ್ಳ ತರುಣರು ಎಸ್ಪೆರಾಂಟೋ ಕಲಿಯಲಿ. ಕೆಲವು ತಿಂಗಳ ಶ್ರಮಕ್ಕೆ ದೇಶವಿದೇಶದ ಗೆಳೆತನ ದೊರೆಯುವುದು ಸಣ್ಣ ಲಾಭವಲ್ಲ. ಸಂಘಗಳು ಮಾತ್ರ ಅದರ ಶೀಲವನ್ನು ಕಲಿಯಲಿ. ಸಭೆಗಳ ನಡವಳಿಕೆ ಕನ್ನಡದಲ್ಲೇ ನಡೆಯಲಿ. ಕನ್ನಡೇತರರಿಗೂ ಸೊಸೆ-ಅಳಿಯಂದಿರಿಗೂ ವಾರಕ್ಕೊಂದು ಪಾಠ ಆರಂಭವಾಗಲಿ. ಅಲ್ಲಿ ತಪ್ಪು ಮಾತಿಗೆ ನಗುವವನಿಗೆ ಪ್ರವೇಶ ಬೇಡ. ಹೈದರಾಬಾದಿನಿಂದಲೋ ಭೋಪಾಲದಿಂದಲೋ ಬರುವ ಕನ್ನಡದ ವಿದ್ಯಾರ್ಥಿಗೆ ಒಂದು ರಾತ್ರಿಯ ಆಸರೆ ಕೊಡುವ ಮನೆಗಳ ಪಟ್ಟಿ ಸಿದ್ಧವಾಗಲಿ. ಇವಕ್ಕೆ ಯಾವ ಸರಕಾರದ ಅನುದಾನವೂ ಬೇಡ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮೊದಲ ಮೊಸಳೆಯನ್ನು ನಗುತ್ತಲೇ ಹಿಡಿದು ಆರಂಭಿಸಬಹುದು.